ಬೆರಿಲ್ ಹೇಳದ ಹೆಸರುಗಳು

ಕೌನ್ಸಿಲ್‌ನಿಂದ, ಅಂದರೆ ನಗರಸಭೆಯಿಂದ, ಬರುವ ಕಾಗದ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಂದು ಲಕೋಟೆ, ಅದಕ್ಕೊಂದು ಪ್ಲಾಸ್ಟಿಕ್ ಕಿಟಕಿ, ಕಿಟಕಿಯೊಳಗೆ ನಮ್ಮ ಹೆಸರು. ಜನವರಿ ತಿಂಗಳ ಎರಡನೇ ವಾರ, ಅಂಥದ್ದೊಂದನ್ನು ಹಿಡಿದುಕೊಂಡು ಪಕ್ಕದ ಮನೆಯ ಬೆರಿಲ್ ನನ್ನ ಅಡುಗೆಮನೆಗೆ ಬಂದಳು. ಕೋಟು ಹಾಕಿಕೊಂಡು ಬಂದಿದ್ದಳು. ಹತ್ತು ಹೆಜ್ಜೆ ದೂರದ ಮನೆಗೆ ಯಾರಾದರೂ ಕೋಟು ಹಾಕಿಕೊಂಡು ಬರುತ್ತಾರೆಯೇ?

“ಓದು ಜನೀನ್,” ಅಂದಳು. “ನಾನು ಎರಡು ಸಲ ಓದಿದೆ. ನಾನೇ ಏನೋ ತಪ್ಪು ತಿಳ್ಕೊಂಡಿದೀನಿ ಅನ್ಸುತ್ತೆ.”

ಅವಳೇನೂ ತಪ್ಪು ತಿಳಿದುಕೊಂಡಿರಲಿಲ್ಲ. ಬಡವರ ಬಾಡಿಗೆಯನ್ನು ಕೌನ್ಸಿಲ್‌ನವರು ಕಟ್ಟುತ್ತಾರೆ. ಬ್ಯಾಂಕಿನಲ್ಲಿ ಹದಿನಾರು ಸಾವಿರ ಪೌಂಡ್‌ಗಿಂತ ಹೆಚ್ಚಿದ್ದರೆ ನೀವು ಬಡವರಲ್ಲ, ನೆರವಿಲ್ಲ. ಬೆರಿಲ್ ಖಾತೆಯಲ್ಲಿ ಆರು ವರ್ಷದಿಂದ ಪ್ರತಿ ನವೆಂಬರ್ ಕೊನೆಗೆ ಹದಿನೆಂಟು ಸಾವಿರ ಇದ್ದದ್ದು ಅವರ ಕಂಪ್ಯೂಟರಿಗೆ ಸಿಕ್ಕಿಬಿದ್ದಿದೆ. ಆದ್ದರಿಂದ ಹೆಚ್ಚುವರಿಯಾಗಿ ಕೊಟ್ಟ ಮೂರು ಸಾವಿರದ ಇನ್ನೂರ ಹದಿನಾಲ್ಕು ಪೌಂಡನ್ನು ವಾಪಸು ಕಟ್ಟಬೇಕಾಗಬಹುದು, ಮೋಸ ಮಾಡಿದ್ದೀರೆಂದು ಅನುಮಾನವಿದೆ, ಫೆಬ್ರವರಿ ಹನ್ನೊಂದರಂದು ಸಂದರ್ಶನಕ್ಕೆ ಬನ್ನಿ, ಜೊತೆಯಲ್ಲಿ ವಕೀಲರನ್ನೋ ಸ್ನೇಹಿತರನ್ನೋ ಕರೆತರಬಹುದು ಅಂತ ಬರೆದಿದ್ದರು. ಸಂದರ್ಶನವಂತೆ! ಕೆಲಸ ಕೊಡುವವರ ಹಾಗೆ.

“ಮೋಸ ಅಂತ ಬರ್ದಿದಾರೆ ಅಲ್ವಾ?” ಅಂದಳು ಬೆರಿಲ್. “ಆ ಪದಾನೇ ತಾನೆ?”

“ಹೂಂ, ಅದೇ ಪದ.”

ಅವಳು ಕುರ್ಚಿಯ ಮೇಲೆ ಕೂತಳು. ಎಪ್ಪತ್ತಮೂರು ವರ್ಷದ ಹೆಂಗಸು. ಮೀನಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ನಿಂತುಕೊಂಡೇ ದುಡಿದವಳು. ಅಂಗಡಿಯವನು ಐದು ಪೆನ್ಸ್ ಹೆಚ್ಚು ಕೊಟ್ಟರೆ ಮಳೆಯಲ್ಲಿ ತಿರುಗಿ ಹೋಗಿ ಕೊಟ್ಟು ಬರುವ ಜಾತಿ. ನನ್ನಂಥವಳಿಗೆ ಆ ಕಾಗದ ಬಂದಿದ್ದರೆ ಒಲೆಗೆ ಹಾಕಿ ಚಹಾ ಕುಡಿಯುತ್ತಿದ್ದೆ. ಅವಳಿಗೆ ಬಂದದ್ದು ಮಾತ್ರ ಹೊಟ್ಟೆಗೆ ಒದ್ದ ಹಾಗಾಗಿತ್ತು.

ಆ ಹದಿನೆಂಟು ಸಾವಿರ ಅವಳದ್ದಲ್ಲ. ನಮ್ಮದು. ನಮ್ಮ ಕ್ರಿಸ್‌ಮಸ್ ಚೀಟಿಯದು.

ಚೀಟಿ ಅಂದರೆ ಹರಾಜು, ಬಡ್ಡಿ, ಲಾಭ ಅಂಥದ್ದೇನೂ ಇಲ್ಲ. ಜನವರಿಯ ಮೊದಲ ಶುಕ್ರವಾರದಿಂದ ಶುರು. ಪ್ರತಿ ಶುಕ್ರವಾರ ಸಂಜೆ ನಾಲ್ಕರಿಂದ ಆರರ ತನಕ ಬೆರಿಲ್ ಅಡುಗೆಮನೆಯ ಮೇಜಿನ ಮುಂದೆ ಕೂತಿರುತ್ತಾಳೆ. ನಮ್ಮ ಬೀದಿಯ ಐವತ್ತೆಂಟು ಜನ ಒಬ್ಬೊಬ್ಬರಾಗಿ ಹೋಗಿ ಎರಡೋ ಐದೋ ಇಪ್ಪತ್ತೋ ಪೌಂಡು ಕೊಡುತ್ತೇವೆ. ಅವಳು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಾಳೆ, ನಮ್ಮ ಕಾರ್ಡಿನ ಮೇಲೂ ಗುರುತು ಹಾಕುತ್ತಾಳೆ. ಡಿಸೆಂಬರ್ ಮೊದಲ ವಾರ ನಾವು ಕೊಟ್ಟದ್ದನ್ನೇ ಲಕೋಟೆಯಲ್ಲಿ ಹಾಕಿ ನಮಗೆ ವಾಪಸು ಕೊಡುತ್ತಾಳೆ. ಅಷ್ಟೇ. ನಮ್ಮ ಕೈಯಲ್ಲಿದ್ದರೆ ಅದು ಉಳಿಯುವುದಿಲ್ಲವಲ್ಲ, ಅದಕ್ಕೆ. ಒಂದು ಸಲ ಯಾವುದೋ ದೊಡ್ಡ ಕಂಪನಿಗೆ ಹೀಗೇ ಕಟ್ಟಿ, ಅದು ನವೆಂಬರಿನಲ್ಲಿ ದಿವಾಳಿಯಾಗಿ, ಅರ್ಧ ಬೀದಿಯ ಮಕ್ಕಳು ಕ್ರಿಸ್‌ಮಸ್ಸಿಗೆ ಡಬ್ಬಿಯಲ್ಲಿ ಬರುವ ಬೀನ್ಸ್ ಕಾಳು ತಿಂದದ್ದೂ ಆಯಿತು. ಅಂದಿನಿಂದ ನಾವು ನಂಬಿದ್ದು ಬೆರಿಲ್ ಒಬ್ಬಳನ್ನೇ.

ಮೊದಲೆಲ್ಲ ದುಡ್ಡನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದಳು. ಆರು ವರ್ಷದ ಹಿಂದೆ ಎದುರು ಮನೆಗೆ ಕಳ್ಳರು ನುಗ್ಗಿದ ಮೇಲೆ ಹೆದರಿಕೊಂಡು ಬ್ಯಾಂಕಿಗೆ ಹೋದಳು. ಸಂಘದ ಖಾತೆ ತೆರೆಯಲು ಮೂರು ಜನರ ಸಹಿ ಬೇಕು, ಸದಸ್ಯರ ಪಟ್ಟಿ ಬೇಕು, ನಿಯಮಾವಳಿ ಬೇಕು ಅಂದರಂತೆ. ಬೀದಿಯಲ್ಲಿ ಕೇಳಿದರೆ ಯಾರೊಬ್ಬರೂ ಸಹಿಗೆ ಒಪ್ಪಲಿಲ್ಲ. “ನಿನ್ನ ಖಾತೆಗೇ ಹಾಕ್ಕೊಂಬಿಡು ಬೆರಿಲ್, ನಿನ್ನ ಮೇಲೆ ಯಾರಿಗೆ ಅನುಮಾನ?” ಅಂದೆವು. ಅಂದವರಲ್ಲಿ ನಾನೂ ಒಬ್ಬಳು. ಅವಳು ಹಾಗೇ ಮಾಡಿದಳು.

“ಇದಕ್ಯಾಕೆ ಇಷ್ಟು ತಲೆಬಿಸಿ?” ಅಂದೆ ನಾನು ಆ ಕಾಗದ ಓದಿದ ದಿನ. “ಆ ಪುಸ್ತಕ ತಗೊಂಡು ಹೋಗಿ ಆ ಅಧಿಕಾರಿ ಮೇಜಿನ ಮೇಲೆ ಬಿಸಾಕು. ಯಾರ್ದು ಎಷ್ಟು ಅಂತ ಎಲ್ಲಾ ಅದ್ರಲ್ಲೇ ಇದೆಯಲ್ಲ.”

“ಅದು ಹೇಗಾಗುತ್ತೆ? ಯಾರ್ದು ಎಷ್ಟು ಅಂತ ಇನ್ನೊಬ್ರಿಗೆ ಹೇಳಲ್ಲ ಅಂತ ಮಾತು ಕೊಟ್ಟಿದೀನಿ.”

“ಕೌನ್ಸಿಲ್‌ನೋರು ಕೇಳಿದ್ರೂ ಹೇಳಲ್ವಾ?”

“ಗಂಡಂದಿರು ಕೇಳಿದ್ರೇ ಹೇಳಿಲ್ಲ ಜನೀನ್. ಮೊದ್ಲು ಅವರವರನ್ನ ಕೇಳ್ತೀನಿ. ‘ಬೆರಿಲ್ ಹತ್ರ ಇದ್ದದ್ದು ನನ್ನ ದುಡ್ಡು’ ಅಂತ ಬರ್ಕೊಟ್ರೆ ಸಾಕಲ್ಲ. ಒಂದು ಸಾಲು. ಕೊಡ್ತಾರೆ ಬಿಡು.”

ಕೊಡುತ್ತಾರಂತೆ. ಆ ವಾರ ನಾವಿಬ್ಬರೂ ಸೇರಿ ಬೀದಿಯ ಬಾಗಿಲುಗಳನ್ನೆಲ್ಲ ತಟ್ಟಿದೆವು. ಒಣಗಿದ ಕ್ರಿಸ್‌ಮಸ್ ಗಿಡಗಳನ್ನು ಜನ ಪಾದಚಾರಿ ದಾರಿಯ ಮೇಲೇ ಎಸೆದಿದ್ದರು. ಕಸದ ಡಬ್ಬಿಗಳ ಬಾಯಿ ಮುಚ್ಚುತ್ತಿರಲಿಲ್ಲ. ಆಟಿಕೆಗಳ ಪೆಟ್ಟಿಗೆ, ಬಿಯರ್ ಡಬ್ಬಿ, ಟರ್ಕಿ ಕೋಳಿಯ ಎಲುಬು, ಎಲ್ಲಾ ಚೀಟಿ ದುಡ್ಡಿನದೇ ಮಹಿಮೆ. ಅದರ ನಡುವೆ ಕಾಲಿಡುತ್ತ ನಾವು ಒಂದೊಂದೇ ಮನೆಗೆ ಹೋಗುತ್ತಿದ್ದೆವು.

ಏಳನೇ ನಂಬರಿನ ಡೆನ್ನಿಸ್ ಮೊದಲು ನಮ್ಮನ್ನು ಒಳಗೆ ಕೂರಿಸಿದ. ಛಾವಣಿ ರಿಪೇರಿ ಮಾಡುವ ಆಳು. ಸರ್ಕಾರದ ಲೆಕ್ಕದಲ್ಲಿ ಅವನಿಗೆ ನಾಲ್ಕು ವರ್ಷದಿಂದ ಸೊಂಟ ನೋವು, ಏಳಲಿಕ್ಕೂ ಆಗುವುದಿಲ್ಲ.

“ಏನು, ನಮ್ಮ ಬೆರಿಲ್ ಆಂಟಿನ ಕಳ್ಳಿ ಅಂತಾರಾ?” ಅಂತ ಮೇಜು ಗುದ್ದಿದ. “ಯಾವನವನು? ಹೆಸರು ಹೇಳಿ. ನಾನು ಹೋಗಿ ವಿಚಾರಿಸ್ಕೊತೀನಿ.”

“ನೀನೇನೂ ಹೋಗೋದು ಬೇಡಪ್ಪ,” ಅಂದಳು ಬೆರಿಲ್. “ಇಲ್ಲಿ ಒಂದು ಸಾಲು ಬರ್ದು ಸಹಿ ಹಾಕು ಸಾಕು.”

ಡೆನ್ನಿಸ್ ಕಾಗದವನ್ನೇ ನೋಡಿದ. ಆಮೇಲೆ ಕಿಟಕಿಯ ಆಚೆ ನೋಡಿದ.

“ಅಲ್ಲಾ ಆಂಟಿ, ಹೋದ ವರ್ಷದ ಕ್ರಿಸ್‌ಮಸ್ ಮುಗ್ದೇ ಹೋಯ್ತಲ್ಲ. ನನ್ನ ದುಡ್ಡು ನಂಗೆ ಬಂದಾಯ್ತು. ಈಗ ಅದನ್ನ ಯಾಕೆ ಕೆದಕೋದು?”

“ನಿನ್ನ ದುಡ್ಡು ನಿಂಗೆ ಬಂತು ಅಂತಾನೇ ಬರೀಬೇಕಿರೋದು ಕಣೋ,” ಅಂದೆ ನಾನು. “ಕೈ ಸೇದಿಹೋಗಿದೆಯಾ?”

“ವಾರಕ್ಕೆ ಇಪ್ಪತ್ತು ಎಲ್ಲಿಂದ ತಂದೆ ಅಂತ ಕೇಳಿದ್ರೆ ನೀನು ಉತ್ತರ ಕೊಡ್ತೀಯಾ ಜನೀನ್?” ಅಂದ. ನನ್ನ ಮುಖವನ್ನು ಚೆನ್ನಾಗಿ ನೋಡಿ ಅಂದ. ಆಮೇಲೆ ಬೆರಿಲ್ ಕಡೆ ತಿರುಗಿ, “ನಾನು ಚೀಟಿಗೇ ಸೇರಿಲ್ಲ ಆಂಟಿ. ಯಾರಾದ್ರೂ ಕೇಳಿದ್ರೆ ಹಾಗೇ ಹೇಳ್ಬಿಡಿ,” ಅಂತ ಬಾಗಿಲು ತೆಗೆದ. ಥೂ ಅವನ.

ಹದಿನಾಲ್ಕನೇ ನಂಬರಿನ ಮ್ಯಾಕ್ಸಿನ್ ಬಾಗಿಲನ್ನು ಅರ್ಧವೇ ತೆಗೆದಳು. ಅವಳ ಕಥೆ ಬೇರೆ. ಗಂಡನಿಗೆ ಗೊತ್ತಿಲ್ಲದೆ ವಾರಕ್ಕೆ ಎಂಟು ಪೌಂಡು ಹಾಕುತ್ತಾಳೆ. ಯಾಕೆ ಹಾಕುತ್ತಾಳೆಂದು ಬೀದಿಗೆಲ್ಲ ಗೊತ್ತು, ಅವಳ ಕೆನ್ನೆ ನೋಡಿದವರಿಗೆಲ್ಲ ಗೊತ್ತು. ಒಳಗಿನಿಂದ ಟಿವಿ ಸದ್ದು ಬರುತ್ತಿತ್ತು. ಅವಳು ಬೆರಿಲ್ ಮುಖ ನೋಡಿ ತಲೆ ಅಲ್ಲಾಡಿಸಿದಳು.

“ಸರಿ ಮಗಳೇ, ಒಳಗೆ ಹೋಗು, ಚಳಿ ಇದೆ,” ಅಂದಳು ಬೆರಿಲ್. ಮ್ಯಾಕ್ಸಿನ್‌ಳನ್ನು ನಾನು ಬೈಯುವುದಿಲ್ಲ.

ಉಳಿದವರ ಮಾತು ಬೇಡ. ಒಬ್ಬಳಿಗೆ ತಲೆನೋವು, ಒಬ್ಬನಿಗೆ ಓದು ಬರುವುದಿಲ್ಲ, ಇನ್ನೊಬ್ಬಳು ಮನೆಯಲ್ಲಿದ್ದುಕೊಂಡೇ ಮನೆಯಲ್ಲಿಲ್ಲ. ಪರದೆ ಅಲುಗಾಡಿದ್ದನ್ನು ನಾನೇ ನೋಡಿದೆ. ಹೆಚ್ಚಿನವರದ್ದು ವರ್ಷಕ್ಕೆ ಇನ್ನೂರು ಮುನ್ನೂರರ ವ್ಯವಹಾರ. ಅಷ್ಟು ಚಿಲ್ಲರೆಗೆ ಯಾವ ನೆರವೂ ನಿಲ್ಲುವುದಿಲ್ಲ, ಕಾನೂನಿನಲ್ಲೇ ಅದಕ್ಕೆ ಅಡ್ಡಿಯಿಲ್ಲ. ಅದನ್ನು ಹೇಳಿದರೆ ಕೇಳುವವರು ಯಾರು? ಕೌನ್ಸಿಲ್‌ನ ಕಾಗದದ ಮೇಲೆ ಹೆಸರು ಬಿದ್ದರೆ ಮನೆ ಹೋಯಿತು ಅಂತ ನಂಬಿಕೊಂಡು ಹುಟ್ಟಿದವರು ನಾವು. ಅಪ್ಪ ಅಮ್ಮ ಹಾಗೇ ನಂಬಿದ್ದರು, ನಾವೂ ನಂಬಿದ್ದೇವೆ. ನಾನು ಪ್ರತಿ ಗೇಟಿನ ಹತ್ತಿರವೂ ನಿಂತು, ಒಳಗಿದ್ದವರಿಗೆ ಕೇಳಿಸುವ ಹಾಗೆ ಬಾಯಿಗೆ ಬಂದಂತೆ ಬೈದೆ. ಬೆರಿಲ್ ನನ್ನ ತೋಳು ಹಿಡಿದು ಎಳೆದುಕೊಂಡು ಹೋದಳು.

ಐವತ್ತೇಳು ಬಾಗಿಲು ತಟ್ಟಿದ್ದಾಯಿತು. ಐವತ್ತೆಂಟನೆಯವಳು ಪಕ್ಕದಲ್ಲೇ ನಿಂತು ಉಳಿದವರನ್ನು ಬೈಯುತ್ತಿದ್ದಳು. ಅವಳ ಬಾಗಿಲನ್ನು ಬೆರಿಲ್ ತಟ್ಟಲಿಲ್ಲ.

ಮುಚ್ಚಿಡುವುದೇನಿದೆ? ನನಗೆ ಬೆನ್ನು ನೋವಿನ ಭತ್ಯೆ ಬರುತ್ತದೆ. ನೋವು ಸುಳ್ಳಲ್ಲ, ನಿಜವಾಗಿಯೂ ಇದೆ. ಹಾಗಿದ್ದೂ ಸಮುದ್ರದ ಕಡೆಯ ಎರಡು ದೊಡ್ಡ ಮನೆಗಳಲ್ಲಿ ವಾರಕ್ಕೆ ಮೂರು ದಿನ ನೆಲ ಒರೆಸುತ್ತೇನೆ, ಕಕ್ಕಸು ತೊಳೆಯುತ್ತೇನೆ. ಅವರು ಕೈಗೆ ದುಡ್ಡು ಕೊಡುತ್ತಾರೆ, ನಾನು ಯಾರಿಗೂ ಹೇಳುವುದಿಲ್ಲ. ವಾರಕ್ಕೆ ಹತ್ತು ಪೌಂಡು ಚೀಟಿಗೆ ಬರುವುದು ಅಲ್ಲಿಂದ. ಬೆರಿಲ್‌ಗೆ ಇದೆಲ್ಲ ಗೊತ್ತು. “ನಾನು ಬರ್ಕೊಡ್ಲಾ?” ಅಂತ ನಾನು ಕೇಳಲಿಲ್ಲ. “ನೀನು ಬರ್ಕೊಡು” ಅಂತ ಅವಳೂ ಕೇಳಲಿಲ್ಲ. “ಆವತ್ತು ನಾನೇ ನಿನ್ನ ಜೊತೆ ಬರ್ತೀನಿ,” ಅಂದೆ. ಅಷ್ಟಕ್ಕೇ ಅವಳ ಕಣ್ಣು ತುಂಬಿತು. ನನಗೆ ನಾನೇ ದೊಡ್ಡವಳಾಗಿ ಕಂಡೆ.

ಹನ್ನೊಂದನೇ ತಾರೀಖು ಬೆಳಿಗ್ಗೆ ಬಸ್ಸಿನಲ್ಲಿ ಹೋದೆವು. ಕೌನ್ಸಿಲ್ ಕಚೇರಿಯ ಕಾಯುವ ಕೋಣೆಯಲ್ಲಿ ಒದ್ದೆ ಉಣ್ಣೆಯ ವಾಸನೆ, ಫಿನೈಲಿನ ವಾಸನೆ. ಕುರ್ಚಿಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು, ನಾವು ಹೊತ್ತುಕೊಂಡು ಹೋಗುತ್ತೇವೆ ಅಂತ ಇರಬೇಕು. ಗೋಡೆಯ ಮೇಲೊಂದು ದೊಡ್ಡ ಚಿತ್ರ, ಬರೀ ಎರಡು ಕಣ್ಣು, ಕೆಳಗೆ ‘ಮೋಸಗಾರರ ಮೇಲೆ ನಮ್ಮ ಕಣ್ಣಿದೆ’ ಅಂತ. ಬೆರಿಲ್ ಅದಕ್ಕೆ ಬೆನ್ನು ಹಾಕಿ ಕೂತಳು. ಪುಸ್ತಕ ಅವಳ ಚೀಲದಲ್ಲಿತ್ತು. ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಅಮುಕಿಕೊಂಡಿದ್ದಳು.

ಒಳಗೆ ಕರೆದವನು ಪ್ರೆಂಟಿಸ್ ಅಂತ, ಮೂವತ್ತು ವರ್ಷವೂ ಆಗಿರದ ಹುಡುಗ. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಅಚ್ಚುಕಟ್ಟಾದ ಗಡ್ಡ. ಒರಟನಾಗಿದ್ದರೆ ನನಗೆ ಸಮಾಧಾನ ಆಗುತ್ತಿತ್ತು, ನಾಲ್ಕು ಮಾತು ಆಡಬಹುದಿತ್ತು. ಅವನು ಮಾತ್ರ ಕುರ್ಚಿ ಎಳೆದು ಕೊಟ್ಟ, ನೀರು ಬೇಕಾ ಅಂದ, ಮೈಗೆಲ್ಲ ಬೆಣ್ಣೆ ಸವರಿಕೊಂಡವನ ಹಾಗೆ. ನನ್ನ ಕಡೆ ತಿರುಗಿ, “ನೀವು ಜೊತೆಗೆ ಕೂತ್ಕೋಬಹುದು ಮೇಡಂ. ಆದ್ರೆ ನಡುವೆ ಮಾತಾಡೋ ಹಾಗಿಲ್ಲ. ಅವರ ಪರವಾಗಿ ಉತ್ತರ ಕೊಡೋ ಹಾಗಿಲ್ಲ,” ಅಂದ. ಆಯಿತು ಅಂದೆ. ಆ ನಿಯಮ ಕೇಳಿ ನನ್ನ ಎದೆ ಹಗುರವಾದದ್ದನ್ನು ನಾನು ಯಾರಿಗೂ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಅವನು ಧ್ವನಿಮುದ್ರಣ ಯಂತ್ರ ಒತ್ತಿ, ಕಾಗದ ನೋಡದೆಯೇ ಒಪ್ಪಿಸಿದ. “ನೀವು ಏನನ್ನೂ ಹೇಳಲೇಬೇಕೆಂದಿಲ್ಲ. ಆದರೆ ಈಗ ಕೇಳಿದಾಗ ಹೇಳದೆ ಮುಂದೆ ಕೋರ್ಟಿನಲ್ಲಿ ಹೇಳಿದರೆ ಅದರಿಂದ ನಿಮಗೇ ತೊಂದರೆಯಾಗಬಹುದು. ನೀವು ಹೇಳುವುದೆಲ್ಲ ಸಾಕ್ಷ್ಯವಾಗುತ್ತದೆ.” ಟಿವಿಯಲ್ಲಿ ಕೊಲೆಗಾರರಿಗೆ ಹೇಳುವ ಮಾತು ಅದು. ಬೆರಿಲ್ “ಆಯ್ತು ಸಾರ್, ಥ್ಯಾಂಕ್ಸ್,” ಅಂದಳು.

“ಪ್ರತಿ ಸೋಮವಾರ ನಿಮ್ಮ ಖಾತೆಗೆ ಮುನ್ನೂರ ಎಂಬತ್ತು ಪೌಂಡಿನಷ್ಟು ನಗದು ಬೀಳುತ್ತೆ. ಈ ದುಡ್ಡು ಯಾರದು?”

“ಕ್ರಿಸ್‌ಮಸ್ ಚೀಟಿದು ಸಾರ್. ಬೀದಿಯ ಐವತ್ತೆಂಟು ಜನದ್ದು. ನಾನು ಇಟ್ಕೊಂಡಿರ್ತೀನಿ ಅಷ್ಟೇ.”

ಅವನು ತಲೆಯಾಡಿಸಿದ. ಇಂಥ ಉತ್ತರವನ್ನು ಅವನು ಎದುರು ನೋಡುತ್ತಿದ್ದ ಹಾಗಿತ್ತು. “ಒಳ್ಳೇದು. ಅದು ಬೇರೆಯೋರ ದುಡ್ಡು ಅಂತ ತೋರಿಸಿದ್ರೆ ನಿಮ್ಮ ಲೆಕ್ಕಕ್ಕೆ ಹಿಡಿಯಲ್ಲ. ಕೇಸೇ ಇರಲ್ಲ. ಪಟ್ಟಿ ಇದೆಯಾ?”

ಬೆರಿಲ್ ಬೆರಳುಗಳು ಚೀಲದ ಮೇಲೆ ಆಡಿದವು. “ಪಟ್ಟಿ ಕೊಟ್ರೆ ಏನ್ಮಾಡ್ತೀರಿ?”

“ಒಬ್ಬೊಬ್ಬರಿಗೂ ಕಾಗದ ಬರೀತೀವಿ. ಹೌದಾ ಅಂತ ಕೇಳ್ತೀವಿ.”

“ಅವರು ಬೇರೆ ಏನಾದ್ರೂ ನೆರವು ತಗೋತಿದ್ರೆ?”

ಪ್ರೆಂಟಿಸ್ ಕಡತ ಮುಚ್ಚಿದ. “ನಾನು ಸುಳ್ಳು ಹೇಳಲ್ಲ,” ಅಂದ. “ಕಣ್ಣಿಗೆ ಬಿದ್ದದ್ದನ್ನ ಬಿಡೋ ಹಾಗಿಲ್ಲ, ಸಂಬಂಧಪಟ್ಟೋರಿಗೆ ತಿಳಿಸ್ಬೇಕಾಗುತ್ತೆ.” ಆಮೇಲೆ ಯಂತ್ರ ನಿಲ್ಲಿಸಿದ. “ಹತ್ತು ನಿಮಿಷ ಬಿಡುವು. ಇದನ್ನ ಹೊರಗಿನ ಮಾತು ಅಂತ ತಿಳ್ಕೊಳ್ಳಿ. ನಂಗೆ ಐವತ್ತೆಂಟು ಜನಾನೂ ಬೇಕಾಗಿಲ್ಲ. ಒಬ್ಬರು ಮುಂದೆ ಬಂದು, ನಾನು ವರ್ಷ ವರ್ಷ ಇವರ ಹತ್ರ ದುಡ್ಡು ಕೊಟ್ಟಿದ್ದು ನಿಜ, ಡಿಸೆಂಬರಲ್ಲಿ ವಾಪಸ್ ಬಂದದ್ದೂ ನಿಜ ಅಂತ ಸಹಿ ಹಾಕಿದ್ರೆ, ನಮ್ಮ ಮೇಲಿನೋರಿಗೆ ಉಳಿದದ್ದನ್ನ ನಾನು ಹೇಳಿ ಒಪ್ಪಿಸ್ತೀನಿ. ಒಬ್ಬರು ಸಾಕು.”

ಹೀಗೆ ಹೇಳುವಾಗ ಅವನು ನೋಡಿದ್ದು ಬೆರಿಲ್‌ಳನ್ನಲ್ಲ, ನನ್ನನ್ನು. ಆಮೇಲೆ ಬಾಗಿಲು ಎಳೆದುಕೊಂಡು ಹೊರಗೆ ಹೋದ.

ಆ ಕೋಣೆಗೆ ಕಿಟಕಿ ಇರಲಿಲ್ಲ. ಮೇಜಿನ ಮೇಲೆ ಯಾರೋ ಹಿಂದಿನವರು ಉಗುರಿನಿಂದ ಕೆರೆದ ಗುರುತುಗಳಿದ್ದವು. ನಾನು ಅವನ್ನೇ ನೋಡುತ್ತ ಕೂತೆ. ಬಾಯಿ ತೆರೆದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಭತ್ಯೆ ನಿಲ್ಲುತ್ತದೆ, ಎರಡು ಮನೆಯ ಕೆಲಸ ಹೋಗುತ್ತದೆ, ನನಗೂ ಒಂದು ಕಂದು ಲಕೋಟೆ ಬರುತ್ತದೆ. ತೆರೆಯದಿದ್ದರೆ ಏನಾಗುತ್ತದೆ ಅಂತಲೂ ಗೊತ್ತಿತ್ತು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಬೀದಿಯ ಗೇಟು ಗೇಟಿಗೂ ನಿಂತು ಹರಿದ ಅದೇ ನಾಲಿಗೆ.

“ಜನೀನ್,” ಅಂದಳು ಬೆರಿಲ್.

“ಏನು?”

“ನೀನು ಸುಮ್ನಿರು.”

ನಾನು ಮಾತೇ ಆಡಿರಲಿಲ್ಲ. ಸುಮ್ಮನೇ ಇದ್ದವಳಿಗೆ ಸುಮ್ಮನಿರು ಅಂತ ಅವಳು ಹೇಳಿದಳು. ಮುಂದೆ ಯಾವತ್ತಾದರೂ ನನಗೆ ಒಂದು ನೆಪ ಬೇಕಾದರೆ ಇರಲಿ ಅಂತ ಅದನ್ನು ನನ್ನ ಕೈಗಿತ್ತಳು. ನಾನು ಈಸಿಕೊಂಡೆ.

ಪ್ರೆಂಟಿಸ್ ವಾಪಸು ಬಂದ. ಇಬ್ಬರ ಮುಖವನ್ನೂ ನೋಡಿದ. ಮತ್ತೆ ಯಂತ್ರ ಒತ್ತಿದ.

“ಹೆಸರು ಹೇಳ್ತೀರಾ?”

“ಹೆಸರು ಯಾವುದೂ ಇಲ್ಲ ಸಾರ್,” ಅಂದಳು ಬೆರಿಲ್. “ಆಗ್ಲೇ ನಾನು ಸುಳ್ಳು ಹೇಳ್ದೆ. ದುಡ್ಡು ನಂದೇ.”

“ನಿಮ್ಮದು?”

“ಹೌದು.”

“ಹದಿನೆಂಟು ಸಾವಿರ. ಪ್ರತಿ ವರ್ಷ ಡಿಸೆಂಬರ್ ಮೊದಲ ವಾರ ಒಂದೇ ದಿನ ಎಲ್ಲಾನೂ ತೆಗೀತೀರಿ. ಏನ್ಮಾಡ್ತೀರಿ?”

“ಖರ್ಚು ಮಾಡ್ತೀನಿ.”

“ಯಾವುದಕ್ಕೆ?”

“ಕ್ರಿಸ್‌ಮಸ್ಸಿಗೆ.”

“ಒಬ್ಬರೇ ಇರೋದು ನೀವು. ಒಂದು ಕ್ರಿಸ್‌ಮಸ್ಸಿಗೆ ಹದಿನೆಂಟು ಸಾವಿರ ಪೌಂಡ್?”

“ನಂಗೆ ಕ್ರಿಸ್‌ಮಸ್ ಅಂದ್ರೆ ತುಂಬ ಇಷ್ಟ ಸಾರ್,” ಅಂದಳು ಬೆರಿಲ್.

ಅವನು ನಗಲಿಲ್ಲ. ಪೆನ್ನು ಕೆಳಗಿಟ್ಟ. ಅವನಿಗೆ ಎಲ್ಲವೂ ಗೊತ್ತಿತ್ತು, ಆದರೆ ಯಂತ್ರದಲ್ಲಿ ಇದ್ದದ್ದು ಬೆರಿಲ್ ಮಾತು ಮಾತ್ರ. ಕೊನೆಗೆ ನನ್ನ ಕಡೆ ನೋಡಿ, “ನೀವೇನಾದ್ರೂ ಹೇಳೋದಿದ್ರೆ ಈಗ ಅವಕಾಶ ಇದೆ,” ಅಂದ. ನಿಯಮ ಬಿಡದ ಜಾಗದಲ್ಲಿ ನನಗಾಗಿ ಒಂದು ಬಾಗಿಲು ಮಾಡಿ ಕೊಟ್ಟ ಆ ಹುಡುಗ. ಇಲ್ಲ ಅಂತ ತಲೆಯಾಡಿಸಿದೆ. ಯಂತ್ರಕ್ಕೆ ಕೇಳಿಸಬೇಕು, ಬಾಯಲ್ಲಿ ಹೇಳಿ ಅಂದ.

“ಇಲ್ಲ,” ಅಂದೆ.

ಬಸ್ ನಿಲ್ದಾಣದ ಹತ್ತಿರ ಬೆರಿಲ್ ನನಗೆ ಚಿಪ್ಸ್ ಕೊಡಿಸಿದಳು. ನಿನ್ನ ಮುಖ ಬಿಳುಚಿಕೊಂಡಿದೆ, ಏನಾದ್ರೂ ತಿನ್ನು ಅಂದಳು. ವಿನೆಗರ್ ಸುರಿದ, ಬಿಸಿಯಾಗಿ ಕರಿದ ಆಲೂಗಡ್ಡೆ ಚಿಪ್ಸ್. ಅರ್ಧ ತಿಂದು ಉಳಿದದ್ದನ್ನು ಕಸದ ಡಬ್ಬಿಗೆ ಹಾಕಿದೆ.

ಮಾರ್ಚಿನಲ್ಲಿ ತೀರ್ಮಾನ ಬಂತು. ಕೋರ್ಟಿಗೆ ಎಳೆಯುವುದಿಲ್ಲ, ಬದಲಿಗೆ ದಂಡ. ಅಸಲು ಮೂರು ಸಾವಿರದ ಇನ್ನೂರ ಹದಿನಾಲ್ಕು, ಅದರ ಮೇಲೆ ಅದರರ್ಧ ದಂಡ. ಅವಳ ಬಾಡಿಗೆ ನೆರವಿನಿಂದ ವಾರಕ್ಕೆ ಹದಿನೆಂಟು ಪೌಂಡು ಮುರಿದುಕೊಳ್ಳುತ್ತಾರೆ, ಅಷ್ಟು ಬಾಡಿಗೆಯನ್ನು ಅವಳು ತನ್ನ ಪಿಂಚಣಿಯಿಂದ ತುಂಬಬೇಕು. ತೀರುವಷ್ಟರಲ್ಲಿ ಅವಳಿಗೆ ಎಪ್ಪತ್ತೆಂಟು. ಸುದ್ದಿ ಬೀದಿಗೆ ತಿಳಿಯಲು ಒಂದು ವಾರವೂ ಹಿಡಿಯಲಿಲ್ಲ, ತಿಳಿದದ್ದು ಹೇಗೆ ಅಂದರೆ, ಬೆರಿಲ್ ಒಪ್ಪಿಕೊಂಡಳಂತೆ ಅಂತ. ಒಪ್ಪಿಕೊಂಡದ್ದು ಯಾರಿಗಾಗಿ ಅನ್ನುವ ಭಾಗ ದಾರಿಯಲ್ಲೆಲ್ಲೋ ಉದುರಿಹೋಗಿತ್ತು. “ಬೆಂಕಿ ಇಲ್ದೆ ಹೊಗೆ ಬರುತ್ತಾ?” ಅಂದಳಂತೆ ಒಬ್ಬಳು. “ಆಂಟಿ ಮುಖ ನೋಡಿದ್ರೆ ಗೊತ್ತೇ ಆಗಲ್ಲ ಅಲ್ವಾ,” ಅಂದವನು ಡೆನ್ನಿಸ್. ನಾನಿದನ್ನು ಅಂಗಡಿಯಲ್ಲಿ ನನ್ನ ಕಿವಿಯಾರೆ ಕೇಳಿದೆ. ಬೈಯಲಿಲ್ಲ. ಬೈಯುವ ಯೋಗ್ಯತೆ ನನಗೆ ಎಲ್ಲಿತ್ತು? ಹಾಲು ತಗೊಂಡು ಮನೆಗೆ ಬಂದೆ.

ಚೀಟಿ ನಿಲ್ಲಿಸುತ್ತಾಳೆ ಅಂದುಕೊಂಡಿದ್ದೆ. ನಿಲ್ಲಿಸಲಿಲ್ಲ. ಬ್ಯಾಂಕು ಬಿಟ್ಟು ದುಡ್ಡನ್ನು ಫ್ರೀಜರಿನಲ್ಲಿ ಬಟಾಣಿ ಪೊಟ್ಟಣಗಳ ಕೆಳಗೆ ಇಟ್ಟಳು. ಶುಕ್ರವಾರ ಶುಕ್ರವಾರ ಎಲ್ಲರೂ ಬಂದರು. ಅವಳನ್ನು ಕಳ್ಳಿ ಅನ್ನುತ್ತಲೇ ಬಂದರು, ಯಾಕೆಂದರೆ ಇನ್ನೊಬ್ಬರ ಹತ್ತಿರ ಇಟ್ಟರೆ ವಾಪಸು ಬರುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಾನೂ ಹೋದೆ. ಅಕ್ಟೋಬರಿನಲ್ಲಿ ಅವಳು ಅಡುಗೆಮನೆಯಲ್ಲಿ ಎರಡು ಸ್ವೆಟರ್ ಹಾಕಿಕೊಂಡು, ಹೀಟರ್ ಆರಿಸಿ ಕೂತಿರುತ್ತಿದ್ದಳು. ನಾವು ಬರುವ ಎರಡು ಗಂಟೆ ಮಾತ್ರ ಹಚ್ಚುತ್ತಿದ್ದಳು. ಆ ಬೆಚ್ಚನೆಯಲ್ಲಿ ನಿಂತು ನಾನು ಹತ್ತು ಪೌಂಡು ಎಣಿಸಿ ಕೊಡುತ್ತಿದ್ದೆ.

ಡಿಸೆಂಬರಿನ ಮೊದಲ ಶುಕ್ರವಾರ ಲಕೋಟೆ ಹಂಚಿದಳು. ಅಷ್ಟು ವರ್ಷದಲ್ಲಿ ಯಾರೂ ಅವಳ ಎದುರು ಲಕೋಟೆ ಬಿಚ್ಚಿದ್ದನ್ನು ನಾನು ನೋಡಿರಲಿಲ್ಲ. ಆವತ್ತು ಡೆನ್ನಿಸ್ ಅಲ್ಲೇ ನಿಂತು, ಬೆರಳಿಗೆ ಎಂಜಲು ಹಚ್ಚಿಕೊಂಡು ಒಂದೊಂದೇ ನೋಟು ಎಣಿಸಿದ. ಅವನನ್ನು ನೋಡಿ ಹಿಂದಿದ್ದವಳೂ ಎಣಿಸಿದಳು. ಆಮೇಲೆ ಅದೇ ರೂಢಿಯಾಯಿತು. ಬೆರಿಲ್ ಪ್ರತಿಯೊಬ್ಬರೂ ಎಣಿಸಿ ಮುಗಿಸುವ ತನಕ ಕಾದು, “ಸರಿಯಾಗಿದೆಯಾ? ಒಳ್ಳೇದಾಗ್ಲಿ,” ಅಂದು ಮುಂದಿನವರನ್ನು ಕರೆದಳು. ಮ್ಯಾಕ್ಸಿನ್ ಒಬ್ಬಳು ಎಣಿಸಲಿಲ್ಲ. ಉಳಿದವರು ಹಾಗೆ ಎಣಿಸಿದರಲ್ಲ, ಅಂಥ ಹೇಸಿಗೆಯನ್ನು ನಾನು ಆ ದೊಡ್ಡ ಮನೆಗಳ ಕಕ್ಕಸಿನಲ್ಲೂ ಕಂಡಿಲ್ಲ.

ಎಲ್ಲರೂ ಹೋದ ಮೇಲೆ ನನ್ನ ಲಕೋಟೆಯನ್ನು ಮೇಜಿನ ಮೇಲೆ ಅವಳ ಕಡೆಗೇ ತಳ್ಳಿದೆ. “ಇದನ್ನ ಇಟ್ಕೊ ಬೆರಿಲ್. ನಾನೂರ ಎಂಬತ್ತಿದೆ. ಕೌನ್ಸಿಲ್ ಸಾಲಕ್ಕೆ ಹಾಕು.”

“ತೆಗಿ ಅದನ್ನ,” ಅಂದಳು.

“ಇಟ್ಕೊಳ್ಳೇ. ನನ್ನ ಮೇಲೆ ಆಣೆ.”

“ಇಷ್ಟು ವರ್ಷ ಇನ್ನೊಬ್ರ ದುಡ್ಡಲ್ಲಿ ಒಂದು ಪೆನ್ನಿ ಮುಟ್ಟಿಲ್ಲ ಜನೀನ್. ಇದನ್ನ ಮುಟ್ಟಿದ್ರೆ ಅವರು ಹೇಳೋದು ನಿಜ ಆಗ್ಬಿಡುತ್ತೆ.” ಸಿಟ್ಟೇನೂ ಇರಲಿಲ್ಲ ಅವಳ ದನಿಯಲ್ಲಿ. ಲಕೋಟೆಯನ್ನು ಮಡಚಿ ನನ್ನ ಕೋಟಿನ ಜೇಬಿಗೆ ತಾನೇ ಹಾಕಿದಳು. ಒಂದು ಸಹಿ ಕೊಟ್ಟಿದ್ದರೆ ಅವಳು ತಗೊಳ್ಳುತ್ತಿದ್ದಳು. ಸಹಿಯನ್ನು ಆಮೇಲೂ ಕೊಡಬಹುದಿತ್ತು, ಮಾರ್ಚಿನಲ್ಲಿ, ಜೂನಿನಲ್ಲಿ, ಆ ಶುಕ್ರವಾರವೂ. ಪ್ರೆಂಟಿಸ್ ಇದ್ದದ್ದು ಬಸ್ಸಿನಲ್ಲಿ ಇಪ್ಪತ್ತು ನಿಮಿಷದ ದೂರದಲ್ಲಿ. ನಾನು ಕೊಡಲು ಹೋದದ್ದು ದುಡ್ಡನ್ನು.

ಆ ದುಡ್ಡಿನಲ್ಲಿ ಟರ್ಕಿ ತಂದೆ, ಹಂದಿ ಮಾಂಸ ತಂದೆ, ಎರಡು ಬಾಟಲಿ ಶೆರ್ರಿ ವೈನ್ ತಂದೆ. ಕ್ರಿಸ್‌ಮಸ್ ದಿನ ಮಧ್ಯಾಹ್ನ ಮಗಳು ಅಳಿಯ ಬಂದಿದ್ದರು. ಬೆರಿಲ್‌ಳನ್ನೂ ಊಟಕ್ಕೆ ಕರೆದಿದ್ದೆ, ಒಬ್ಬಳೇ ಚಳಿಯಲ್ಲಿ ಕೂರುವುದು ಬೇಡ ಅಂತ. ಅವಳು ತನ್ನ ಒಳ್ಳೆಯ ಬಟ್ಟೆ ಹಾಕಿಕೊಂಡು, ಊಟದ ಮೇಜಿನ ಮೇಲೆ ಇಬ್ಬರು ಹಿಡಿದೆಳೆಯುವ ಕ್ರಿಸ್‌ಮಸ್ ಪಟಾಕಿಯೊಳಗಿಂದ ಬಿದ್ದ ಹಳದಿ ಕಾಗದದ ಕಿರೀಟ ಇಟ್ಟುಕೊಂಡು ನನ್ನ ಪಕ್ಕದಲ್ಲಿ ಕೂತಳು. ಟರ್ಕಿ ಚೆನ್ನಾಗಿ ಬೆಂದಿದೆ ಅಂದಳು. ನಾನು ಅವಳ ತಟ್ಟೆಗೆ ಇನ್ನೆರಡು ತುಂಡು ಹಾಕಿದೆ.

ಅಳಿಯ ಎರಡು ಲೋಟ ಏರಿಸಿದ್ದ. ಮೇಜಿನ ಆ ಕಡೆಯಿಂದ ಕಣ್ಣು ಹೊಡೆದು, “ಬೆರಿಲ್ ಆಂಟಿ, ಕೌನ್ಸಿಲ್‌ನೋರ ದುಡ್ಡು ನುಂಗಿದ್ರಂತಲ್ಲ, ಎಲ್ಲಿ ಬಚ್ಚಿಟ್ಟಿದೀರಿ? ನಮಗೂ ಸ್ವಲ್ಪ ಹೇಳಿ,” ಅಂದ.

ಮಗಳು ಕಿಸಕ್ಕೆಂದು ನಕ್ಕಳು. ಬೆರಿಲ್ ತಟ್ಟೆಯಿಂದ ತಲೆ ಎತ್ತಲಿಲ್ಲ. ಒಂದು ಗಳಿಗೆ ಬಿಟ್ಟು ಅವಳೂ ನಕ್ಕಳು, ಅವನಿಗೆ ಮುಜುಗರ ಆಗದಿರಲಿ ಅಂತ.

ಅಳಿಯ ನನ್ನ ಕಡೆ ನೋಡಿದ. ನಾನೂ ನಕ್ಕೆ.